ಉತ್ತರಾಯಣ ಡಿಸೆಂಬರ್‌ನಲ್ಲಿ, ಸಂಕ್ರಾಂತಿ ಜನವರಿಯಲ್ಲಿ: ತಪ್ಪಿದ್ದು ಯಾರು?

ಪ್ರಶ್ನೆ: ನಾನು ಹಾಸನ ಜಿಲ್ಲೆಯ ಒಂದು ಹೈಸ್ಕೂಲಿನಲ್ಲಿ ಸಮಾಜ ವಿಜ್ಞಾನ ಪಾಠ ಮಾಡುತ್ತೇನೆ. ಈ ಸಲ ಡಿಸೆಂಬರ್ 21ಕ್ಕೆ ಮಕ್ಕಳಿಂದ ‘ಜಗತ್ತಿನ ಉತ್ತರಾಯಣ ಹಬ್ಬಗಳು’ ಅಂತ ಒಂದು ಪ್ರದರ್ಶನ ಮಾಡಿಸಿ ಎಂದು ನಮ್ಮ ಹೆಡ್‌ಮಾಸ್ಟರು ಹೇಳಿದ್ದಾರೆ. ಅಷ್ಟರಲ್ಲಿ ಶಿಕ್ಷಕರ ವಾಟ್ಸಾಪ್ ಗ್ರೂಪಿಗೆ ಒಂದು ಸಂದೇಶ ಬಂತು. ಹಿಂದಿನ ಕಾಲದ ಎಲ್ಲ ಜನರೂ ಡಿಸೆಂಬರ್ 21ರಂದೇ ಹಬ್ಬ ಮಾಡುತ್ತಿದ್ದರಂತೆ. ಸೂರ್ಯ ಮೂರು ದಿನ ‘ಸತ್ತು’ 25ಕ್ಕೆ ಮತ್ತೆ ಹುಟ್ಟುತ್ತಾನಂತೆ, ಕ್ರಿಸ್‌ಮಸ್ ಅದರದೇ ನಕಲಂತೆ. ನಮ್ಮ ಪಂಚಾಂಗ 24 ದಿನ ತಪ್ಪಿಹೋಗಿರುವುದರಿಂದ ನಾವು ಮಾತ್ರ ಜನವರಿಯಲ್ಲಿ ಸಂಕ್ರಾಂತಿ ಮಾಡುತ್ತೇವಂತೆ. ಅದನ್ನು ತರಗತಿಯಲ್ಲಿ ಓದಿದೆ. ಒಬ್ಬ ಹುಡುಗಿ, ‘ಮಿಸ್, ಹಾಗಾದ್ರೆ ನಮ್ಮಜ್ಜಿ ಮಾಡೋ ಹಬ್ಬ ಸುಳ್ಳಾ?’ ಅಂದಳು. ಮಾರನೇ ದಿನ ಅವಳ ತಂದೆ ಶಾಲೆಗೆ ಬಂದು ಬೇಸರ ಹೇಳಿಕೊಂಡು ಹೋದರು. ತರಗತಿಯಲ್ಲಿ ಕ್ರೈಸ್ತ ಮಕ್ಕಳೂ ಇದ್ದಾರೆ. ಆ ಸಂದೇಶದಲ್ಲಿ ನಿಜ ಎಷ್ಟು? ಪ್ರದರ್ಶನ ಯಾವ ದಿನ ಇಟ್ಟುಕೊಳ್ಳಲಿ? ಇಲ್ಲ, ಬಿಟ್ಟೇಬಿಡಲಾ?

ಉತ್ತರ: ಬಿಡಬೇಡಿ ಮೇಡಂ. ಆ ಹುಡುಗಿ ಕೇಳಿದ್ದು ಒಳ್ಳೆಯ ಪ್ರಶ್ನೆ. ನಾನು ಖಗೋಳದ ಇತಿಹಾಸ ಪಾಠ ಮಾಡುವವನು. ನೀವು ಹೇಳುವ ಸಂದೇಶವನ್ನು ಡಿಸೆಂಬರ್ ಬಂದರೆ ಯಾರಾದರೊಬ್ಬರು ನನಗೂ ಕಳಿಸುತ್ತಾರೆ. ಅದರಲ್ಲಿ ಪೂರ್ತಿ ಸುಳ್ಳು ಅನ್ನುವಂಥದ್ದು ಕಡಿಮೆ. ಅರ್ಧ ನಿಜಗಳನ್ನು ಒಂದಕ್ಕೊಂದು ಗಂಟು ಹಾಕಿದ್ದಾರೆ. ಅದನ್ನು ಬರೆದವರ ತಲೆಯಲ್ಲಿ ಒಂದು ನಂಬಿಕೆ ಇದೆ: ಆಕಾಶದಲ್ಲಿ ಸೂರ್ಯ ತಿರುಗುವ ದಿನ ಮತ್ತು ನೆಲದ ಮೇಲೆ ಹಬ್ಬ ನಡೆಯುವ ದಿನ ಒಂದೇ ಆಗಿರಬೇಕು, ಇಲ್ಲದಿದ್ದರೆ ಯಾರೋ ತಪ್ಪು ಮಾಡಿದ್ದಾರೆ. ಇತಿಹಾಸ ನೋಡಿದರೆ ಹಾಗೆ ಒಂದೇ ದಿನ ಕೂಡಿ ನಿಂತ ಹಬ್ಬಗಳೇ ಅಪರೂಪ.

ಮೊದಲು ಆಕಾಶದ ವಿಷಯ ಮುಗಿಸೋಣ. ಭೂಮಿಯ ಅಕ್ಷ ಸುಮಾರು 23.4 ಡಿಗ್ರಿ ವಾಲಿದೆ. ಅದರಿಂದಾಗಿ ಡಿಸೆಂಬರ್ 21 ಅಥವಾ 22ಕ್ಕೆ ಸೂರ್ಯ ನಮಗೆ ಅತಿ ದಕ್ಷಿಣದಲ್ಲಿ ಕಾಣುತ್ತಾನೆ, ಆಮೇಲೆ ಉತ್ತರದ ಕಡೆ ತಿರುಗುತ್ತಾನೆ. ಉತ್ತರಾರ್ಧ ಗೋಳದಲ್ಲಿ ಅದೇ ಅತಿ ಚಿಕ್ಕ ಹಗಲು. ಆದರೆ ‘ಚಿಕ್ಕ’ ಎಂದರೆ ಎಷ್ಟು ಚಿಕ್ಕ ಅನ್ನುವುದು ಊರಿನಿಂದ ಊರಿಗೆ ಬೇರೆ. ಹಾಸನದಲ್ಲಿ ಆ ದಿನದ ಹಗಲು ಸುಮಾರು 11 ಗಂಟೆ 20 ನಿಮಿಷ. ಸ್ವೀಡನ್ನಿನ ಸ್ಟಾಕ್‌ಹೋಮಿನಲ್ಲಿ ಬರೀ 6 ಗಂಟೆ. ನಮ್ಮಲ್ಲಿ ವರ್ಷದ ಅತಿ ದೊಡ್ಡ ಹಗಲಿಗೂ ಅತಿ ಚಿಕ್ಕ ಹಗಲಿಗೂ ಒಂದೂವರೆ ಗಂಟೆ ವ್ಯತ್ಯಾಸ. ಅಲ್ಲಿ ಹನ್ನೆರಡು ಗಂಟೆಗೂ ಜಾಸ್ತಿ. ಇಷ್ಟು ಗೊತ್ತಿದ್ದರೆ ಉತ್ತರ ಯುರೋಪಿನವರು ಕತ್ತಲನ್ನು ಯಾಕೆ ಅಷ್ಟು ತಲೆಗೆ ಹಚ್ಚಿಕೊಂಡರು, ನಾವು ಯಾಕೆ ಹಚ್ಚಿಕೊಳ್ಳಲಿಲ್ಲ ಅನ್ನುವುದು ತಾನಾಗಿ ತಿಳಿಯುತ್ತದೆ.

‘ಮೂರು ದಿನ ಸತ್ತ ಸೂರ್ಯ’ನ ಕತೆ ಹುಟ್ಟಿದ್ದು ಒಂದು ನಿಜದಿಂದಲೇ. ಉಯ್ಯಾಲೆ ತುದಿಗೆ ಹೋದಾಗ ಒಂದು ಗಳಿಗೆ ನಿಂತ ಹಾಗೆ ಕಾಣುತ್ತದಲ್ಲ, ಸೂರ್ಯನದೂ ಹಾಗೇ. ತಿರುಗುವ ಹೊತ್ತಿನಲ್ಲಿ ಅವನು ಹುಟ್ಟುವ ಜಾಗ ದಿನದಿಂದ ದಿನಕ್ಕೆ ಬದಲಾಗುವುದೇ ಗೊತ್ತಾಗುವುದಿಲ್ಲ. ಆದರೆ ಅದು ಲೆಕ್ಕ ಹಾಕಿದಂತೆ ಮೂರು ದಿನವಲ್ಲ. ಬರಿಗಣ್ಣಿಗೆ ಡಿಸೆಂಬರ್ 17ಕ್ಕೂ 26ಕ್ಕೂ ವ್ಯತ್ಯಾಸ ಹಿಡಿಯುವುದು ಕಷ್ಟ. 25ನೇ ತಾರೀಕಿಗೆ ಆಕಾಶದಲ್ಲಿ ವಿಶೇಷವಾದದ್ದು ಏನೂ ನಡೆಯುವುದಿಲ್ಲ.

ಹಾಗಂತ ಹಿಂದಿನವರು ಸೂರ್ಯನ ತಿರುವನ್ನು ಗಮನಿಸಲಿಲ್ಲ ಅಂತಲ್ಲ. ಐರ್ಲೆಂಡಿನಲ್ಲಿ ನ್ಯೂಗ್ರೇಂಜ್ ಅಂತ ಒಂದು ಸಮಾಧಿ ದಿಬ್ಬ ಇದೆ. ಕ್ರಿ.ಪೂ. 3200ರ ಸುಮಾರಿನದು. ಒಳಗೆ ಹೋಗಲು 19 ಮೀಟರ್ ಉದ್ದದ ಕಲ್ಲಿನ ಓಣಿ. ಬಾಗಿಲಿನ ಮೇಲ್ಗಡೆ ಒಂದು ಪುಟ್ಟ ಗವಾಕ್ಷಿ ಬಿಟ್ಟಿದ್ದಾರೆ. ಅತಿ ಚಿಕ್ಕ ಹಗಲಿನ ಆಸುಪಾಸಿನ ಬೆಳಿಗ್ಗೆಗಳಲ್ಲಿ ಸೂರ್ಯ ಹುಟ್ಟಿದ ಸ್ವಲ್ಪ ಹೊತ್ತಿಗೆ ಬೆಳಕಿನ ಒಂದು ಪಟ್ಟಿ ಆ ಗವಾಕ್ಷಿಯಿಂದ ನುಗ್ಗಿ, ಓಣಿಯ ನೆಲದ ಮೇಲೆ ಹರಿದು ಒಳಕೋಣೆ ಮುಟ್ಟುತ್ತದೆ. ಸುಮಾರು 17 ನಿಮಿಷ ಇದ್ದು ಹೋಗುತ್ತದೆ. ಉತ್ಖನನ ಮಾಡಿದ ಪ್ರೊಫೆಸರ್ ಮೈಕೆಲ್ ಓ’ಕೆಲ್ಲಿ 1967ರ ಡಿಸೆಂಬರ್ 21ರಂದು ಒಳಗೆ ಕಾದು ನಿಂತು ಇದನ್ನು ಕಣ್ಣಾರೆ ನೋಡಿದರು. ಈಗ ಅಲ್ಲಿ ನಿಲ್ಲಲು ಲಾಟರಿ ಎತ್ತುತ್ತಾರೆ. ಒಂದು ಮಾತು ಗಮನಿಸಿ: ಬೆಳಕು ಬರುವುದು ಒಂದೇ ಬೆಳಿಗ್ಗೆ ಅಲ್ಲ, ಹಿಂದೆ ಮುಂದೆ ಕೆಲವು ದಿನ ಬರುತ್ತದೆ. ಕಟ್ಟಿದವರಿಗೆ ‘21ನೇ ತಾರೀಕು’ ಬೇಕಾಗಿರಲಿಲ್ಲ, ‘ಆ ವಾರ’ ಸಾಕಾಗಿತ್ತು.

ಇಂಗ್ಲೆಂಡಿನ ಸ್ಟೋನ್‌ಹೆಂಜ್ ಕೂಡ ಹೀಗೆಯೇ ಸೂರ್ಯನಿಗೆ ಮುಖ ಮಾಡಿದೆ. ಬೇಸಿಗೆಯ ಅತಿ ದೊಡ್ಡ ಹಗಲಿನ ಸೂರ್ಯೋದಯ ಒಂದು ಕಡೆ, ಚಳಿಗಾಲದ ಅತಿ ಚಿಕ್ಕ ಹಗಲಿನ ಸೂರ್ಯಾಸ್ತ ಅದರ ನೇರ ಎದುರು. ಅದನ್ನು ಡ್ರೂಯಿಡ್ ಪುರೋಹಿತರು ಕಟ್ಟಿದರು ಅನ್ನುವುದು ಮಾತ್ರ ಸುಳ್ಳು. ದೊಡ್ಡ ಕಲ್ಲುಗಳು ನಿಂತಿದ್ದು ಕ್ರಿ.ಪೂ. 2500ರ ಸುಮಾರಿಗೆ, ಡ್ರೂಯಿಡರ ಹೆಸರು ಕೇಳಿಬರುವುದು ಅದಾದ ಎರಡು ಸಾವಿರ ವರ್ಷದ ಮೇಲೆ. ನನಗೆ ಕಲ್ಲಿಗಿಂತ ಹತ್ತಿರದ ಡರಿಂಗ್ಟನ್ ವಾಲ್ಸ್ ಅನ್ನುವ ಜಾಗದಲ್ಲಿ ಸಿಕ್ಕ ಹಂದಿಯ ಮೂಳೆಗಳು ಇಷ್ಟ. ಹಲ್ಲು ನೋಡಿ ವಯಸ್ಸು ಹೇಳಬಹುದು. ತುಂಬಾ ಹಂದಿಗಳನ್ನು ಒಂಬತ್ತು ತಿಂಗಳಿನ ಸುಮಾರಿಗೆ ಕೊಂದಿದ್ದಾರೆ. ಹಂದಿ ಮರಿ ಹಾಕುವುದು ವಸಂತದಲ್ಲಿ. ಲೆಕ್ಕ ಹಾಕಿ, ನಡುಚಳಿಗಾಲಕ್ಕೆ ಬಂತಲ್ವಾ? ಜನ ಚಳಿಯಲ್ಲಿ ಸೇರಿ ಭರ್ಜರಿ ಊಟ ಮಾಡಿದ್ದಾರೆ ಅನ್ನುವುದಕ್ಕೆ ಇದಕ್ಕಿಂತ ಸಾಕ್ಷಿ ಬೇಕಾ?

ಹಬ್ಬದ ಹಿಂದಿನ ಕಾರಣ ಹುಡುಕುವವರು ಇಲ್ಲಿಂದ ಶುರು ಮಾಡಬೇಕು. ಉತ್ತರದ ದೇಶಗಳಲ್ಲಿ ಹಿಮ ಬಿದ್ದ ಮೇಲೆ ದನಕರುಗಳಿಗೆ ಮೇವು ಸಾಲದು. ಸಾಕಲಾಗದ ಪ್ರಾಣಿಗಳನ್ನು ಚಳಿಯ ಮೊದಲಿಗೇ ಕಡಿಯುತ್ತಿದ್ದರು. ಕ್ರಿ.ಶ. 725ರಲ್ಲಿ ಇಂಗ್ಲೆಂಡಿನ ಸನ್ಯಾಸಿ ಬೀಡ್, ತನ್ನ ಜನರ ಹಳೆಯ ತಿಂಗಳುಗಳ ಪಟ್ಟಿ ಬರೆದಿಟ್ಟಿದ್ದಾನೆ. ಅದರಲ್ಲಿ ನವೆಂಬರ್ ದನಗಳನ್ನು ಬಲಿ ಕೊಡುವ ತಿಂಗಳು. ಮಾಂಸ ಇದೆ. ಸುಗ್ಗಿಯ ಧಾನ್ಯದಿಂದ ಮಾಡಿದ ಬಿಯರ್ ಹದಕ್ಕೆ ಬಂದಿದೆ. ಹೊಲದಲ್ಲಿ ಕೆಲಸವಿಲ್ಲ. ಹೊರಗೆ ಕತ್ತಲು. ಹಬ್ಬಕ್ಕೆ ಇನ್ನೇನು ಬೇಕು?

ನಾರ್ವೆಯವರ ಯೂಲ್ ಹಬ್ಬವನ್ನೇ ತಗೊಳ್ಳಿ. ಡಿಸೆಂಬರ್ 21ರ ಹಬ್ಬ ಅಂದರೆ ಎಲ್ಲರೂ ಮೊದಲು ಕೊಡುವ ಉದಾಹರಣೆ ಇದು. ಆದರೆ 13ನೇ ಶತಮಾನದ ಐಸ್‌ಲ್ಯಾಂಡಿನ ಇತಿಹಾಸಕಾರ ಸ್ನೋರಿ ಬರೆದಿರುವುದೇ ಬೇರೆ. 10ನೇ ಶತಮಾನದ ರಾಜ ಹೋಕನ್ ಕ್ರೈಸ್ತನಾಗಿದ್ದ. ಯೂಲ್ ಹಬ್ಬವನ್ನು ಕ್ರಿಸ್‌ಮಸ್ ಹೊತ್ತಿಗೇ ಆಚರಿಸಬೇಕು, ಪ್ರತಿ ಮನೆಯಲ್ಲೂ ಇಂತಿಷ್ಟು ಬಿಯರ್ ಇರಬೇಕು, ಇಲ್ಲದಿದ್ದರೆ ದಂಡ ಅಂತ ಕಾನೂನು ಮಾಡಿದ. ಅದಕ್ಕೂ ಮೊದಲು ಯೂಲ್ ಶುರುವಾಗುತ್ತಿದ್ದದ್ದು ನಡುಚಳಿಗಾಲದ ರಾತ್ರಿ. ಅದು ಜನವರಿ ನಡುಭಾಗದ ಸುಮಾರಿಗೆ ಬರುತ್ತಿತ್ತು ಅನ್ನುವುದು ಹಲವು ವಿದ್ವಾಂಸರ ಲೆಕ್ಕ. ಅಂದರೆ ಹೆಚ್ಚು ಕಡಿಮೆ ನಮ್ಮ ಸಂಕ್ರಾಂತಿಯ ಹೊತ್ತು! ‘ಎಲ್ಲರೂ ಡಿಸೆಂಬರ್ 21’ ಅನ್ನುವ ವಾದ ಇಲ್ಲಿಗೇ ಬಿತ್ತು.

ಈಗ ರೋಮ್. ಕ್ರಿಸ್‌ಮಸ್ ಜಗಳ ಹುಟ್ಟುವುದು ಇಲ್ಲೇ, ಅದಕ್ಕೆ ಸ್ವಲ್ಪ ನಿಧಾನ ನೋಡೋಣ.

ರೋಮನ್ನರಿಗೆ ಸ್ಯಾಟರ್ನೇಲಿಯಾ ಅಂತ ಒಂದು ಹಬ್ಬ ಇತ್ತು. ಡಿಸೆಂಬರ್ 17ಕ್ಕೆ ಶುರು, ಬರುಬರುತ್ತಾ ಒಂದು ವಾರದವರೆಗೆ ಬೆಳೆಯಿತು. ಬೇಸಾಯದ ದೇವರು ಸ್ಯಾಟರ್ನ್‌ನ ಹಬ್ಬ ಅದು. ಶಾಲೆ, ಕೋರ್ಟು ಬಂದ್. ಜೂಜಾಡಲು ಆ ದಿನಗಳಲ್ಲಿ ಮಾತ್ರ ಅಡ್ಡಿ ಇಲ್ಲ. ಯಜಮಾನರು ಗುಲಾಮರ ಜೊತೆ ಕೂತು ಉಣ್ಣುತ್ತಿದ್ದರು, ಕೆಲವು ಮನೆಗಳಲ್ಲಿ ತಾವೇ ಬಡಿಸುತ್ತಿದ್ದರು. ಮೇಣದ ಬತ್ತಿ, ಮಣ್ಣಿನ ಪುಟ್ಟ ಬೊಂಬೆಗಳನ್ನು ಒಬ್ಬರಿಗೊಬ್ಬರು ಕೊಡುತ್ತಿದ್ದರು. ಕಿರಿಯ ಪ್ಲಿನಿ ಅನ್ನುವ ದೊಡ್ಡ ಮನುಷ್ಯ ತನ್ನ ಸಮುದ್ರ ತೀರದ ಮನೆಯ ಬಗ್ಗೆ ಬರೆದ ಪತ್ರದಲ್ಲಿ, ಸ್ಯಾಟರ್ನೇಲಿಯಾ ಹೊತ್ತಿಗೆ ಮನೆಯವರ ಗಲಾಟೆ ಕೇಳಿಸದ ಒಂದು ಮೂಲೆ ಕೋಣೆಗೆ ಹೋಗಿ ಸೇರಿಕೊಳ್ಳುತ್ತೇನೆ ಅನ್ನುತ್ತಾನೆ. ಅಂಥವರು ಎಲ್ಲ ಕಾಲದಲ್ಲೂ ಇರುತ್ತಾರೆ ಬಿಡಿ.

ರೋಮನ್ ಕ್ಯಾಲೆಂಡರಿನಲ್ಲಿ ಅತಿ ಚಿಕ್ಕ ಹಗಲಿನ ದಿನ ಅಂತ ಬರೆದುಕೊಂಡಿದ್ದದ್ದು ಡಿಸೆಂಬರ್ 25. ಕ್ರಿ.ಶ. 274ರಲ್ಲಿ ಚಕ್ರವರ್ತಿ ಅರೇಲಿಯನ್ ‘ಸೋಲದ ಸೂರ್ಯ’ನಿಗೆ ರೋಮಿನಲ್ಲಿ ಗುಡಿ ಕಟ್ಟಿಸಿದ. ಇಲ್ಲಿಂದ ನೇರವಾಗಿ ‘ಕ್ರೈಸ್ತರು ಸೂರ್ಯನ ಹುಟ್ಟುಹಬ್ಬ ಕದ್ದರು’ ಅನ್ನುವುದಕ್ಕೆ ಜಿಗಿಯುತ್ತಾರೆ. ಆದರೆ ಡಿಸೆಂಬರ್ 25ಕ್ಕೆ ‘ಸೋಲದವನ’ ಹುಟ್ಟುಹಬ್ಬ, ಅಂದು 30 ರಥದ ಓಟ, ಅಂತ ಬರೆದಿರುವ ಹಳೆಯ ದಾಖಲೆ ಕ್ರಿ.ಶ. 354ರ ಒಂದು ಪುಸ್ತಕ. ಕ್ರಿಸ್ತ ಡಿಸೆಂಬರ್ 25ಕ್ಕೆ ಬೆತ್ಲೆಹೆಮಿನಲ್ಲಿ ಹುಟ್ಟಿದ ಅನ್ನುವ ರೋಮಿನ ಹಳೆಯ ದಾಖಲೆ ಇರುವುದೂ ಅದೇ ಪುಸ್ತಕದಲ್ಲಿ! ಆ ಪಟ್ಟಿ 336ರಷ್ಟು ಹಿಂದಿನದು. ಯಾರು ಯಾರಿಂದ ತೆಗೆದುಕೊಂಡರು ಅಂತ ಈ ಎರಡು ಸಾಲು ನೋಡಿ ತೀರ್ಪು ಕೊಡಲಾಗದು. ಇನ್ನೊಂದು ವಿವರಣೆಯೂ ಇದೆ. ಕ್ರಿಸ್ತ ಗರ್ಭದಲ್ಲಿ ಬಂದದ್ದು ಮಾರ್ಚ್ 25ಕ್ಕೆ ಅಂತ ಆಗಿನ ಕೆಲವು ಕ್ರೈಸ್ತರು ಎಣಿಸಿದ್ದರು. ಅದಕ್ಕೆ ಒಂಬತ್ತು ತಿಂಗಳು ಸೇರಿಸಿದರೆ ಡಿಸೆಂಬರ್ 25. ವಿದ್ವಾಂಸರಲ್ಲಿ ಎರಡೂ ಪಕ್ಷದವರಿದ್ದಾರೆ. ರೋಮನ್ ಸೈನಿಕರು ಪೂಜಿಸುತ್ತಿದ್ದ ಮಿತ್ರ (ಮಿಥ್ರಾಸ್) ದೇವರೂ ಅದೇ ದಿನ ಹುಟ್ಟಿದ ಅನ್ನುವುದಕ್ಕೆ ಮಾತ್ರ ಆ ಕಾಲದ ದಾಖಲೆಯೇ ಇಲ್ಲ. ಆದ್ದರಿಂದ ಪ್ರದರ್ಶನದಲ್ಲಿ ‘ನಕಲು’ ಅನ್ನುವ ಪದ ಬೇಡ. ‘ರೋಮನ್ನರ ಕ್ಯಾಲೆಂಡರಿನಲ್ಲಿ ಚಳಿಗಾಲದ ತಿರುವಿನ ದಿನವೂ ಡಿಸೆಂಬರ್ 25 ಆಗಿತ್ತು’ ಅಂತ ಬರೆಯಿರಿ. ಅಷ್ಟು ನಿಜ, ಅಷ್ಟೇ ಸಾಕು.

ಹಾಗಾದರೆ 25ರ ತಿರುವು 21ಕ್ಕೆ ಬಂದದ್ದು ಹೇಗೆ? ಜೂಲಿಯಸ್ ಸೀಸರನ ಕ್ಯಾಲೆಂಡರಿನ ವರ್ಷ ನಿಜವಾದ ಋತು ವರ್ಷಕ್ಕಿಂತ ಸುಮಾರು 11 ನಿಮಿಷ ಉದ್ದ. ಏನು ಮಹಾ ಅನ್ನಿಸಬಹುದು. 128 ವರ್ಷಕ್ಕೆ ಒಂದು ದಿನ ಆಗುತ್ತದೆ. 14ನೇ ಶತಮಾನದ ಹೊತ್ತಿಗೆ ಅತಿ ಚಿಕ್ಕ ಹಗಲು ಡಿಸೆಂಬರ್ 13ರ ಹತ್ತಿರ ಬಂದಿತ್ತು. ಡಿಸೆಂಬರ್ 13 ಸಂತ ಲೂಸಿಯಾಳ ದಿನ. ಸ್ವೀಡನ್ನಿನ ಹಳ್ಳಿಯವರು ಆ ರಾತ್ರಿಯನ್ನೇ ವರ್ಷದ ಅತಿ ಉದ್ದದ ರಾತ್ರಿ ಅಂತ ಎಣಿಸುತ್ತಿದ್ದರು. 1582ರಲ್ಲಿ ಪೋಪ್ ಗ್ರೆಗೊರಿ 10 ದಿನ ಹಾರಿಸಿ ಕ್ಯಾಲೆಂಡರ್ ಸರಿ ಮಾಡಿಸಿದ. ಸ್ವೀಡನ್ ಅದನ್ನು ಒಪ್ಪಿಕೊಂಡದ್ದು 1753ರಲ್ಲಿ. ಉದ್ದದ ರಾತ್ರಿ ಮತ್ತೆ 21ಕ್ಕೆ ಹೋಯಿತು. ಲೂಸಿಯಾ ಹಬ್ಬ ಮಾತ್ರ 13ರಲ್ಲೇ ಉಳಿಯಿತು. ಇವತ್ತಿಗೂ ಅಲ್ಲಿನ ಹುಡುಗಿಯರು ಬಿಳಿ ನಿಲುವಂಗಿ ಹಾಕಿ, ಸೊಂಟಕ್ಕೆ ಕೆಂಪು ಪಟ್ಟಿ ಕಟ್ಟಿ, ತಲೆ ಮೇಲೆ ಮೇಣದ ಬತ್ತಿಯ ಕಿರೀಟ ಇಟ್ಟುಕೊಂಡು (ಈಗ ಜಾಸ್ತಿ ಬ್ಯಾಟರಿ ಬತ್ತಿ) ಬೆಳಗಿನ ಜಾವ ಹಾಡುತ್ತಾ ಬರುತ್ತಾರೆ, ಕೇಸರಿ ಹಾಕಿದ ಬನ್ ಹಂಚುತ್ತಾರೆ. ನಮ್ಮ ಸಂಕ್ರಾಂತಿಗೆ ಇದಕ್ಕಿಂತ ಒಳ್ಳೆಯ ಜೋಡಿ ಇಲ್ಲ. ತಾರೀಕು ಹಿಡಿದು ಹಬ್ಬ ನಿಂತಿತು, ಸೂರ್ಯ ಸರಿದುಕೊಂಡ. ಸ್ವೀಡನ್ನಿನಲ್ಲಿ ಯಾರೂ ಲೂಸಿಯಾ ಸುಳ್ಳು ಅನ್ನುವುದಿಲ್ಲ.

ಸೂರ್ಯನ ಜೊತೆ ಹಬ್ಬ ಬಿಡದೆ ಅಂಟಿಕೊಂಡ ಕಡೆಗಳೂ ಇವೆ. ಇರಾನಿನ ಯಲ್ದಾ ರಾತ್ರಿ ಒಂದು. ಅವರ ವರ್ಷ ಶುರುವಾಗುವುದು ಮಾರ್ಚಿನಲ್ಲಿ, ಹಗಲು ರಾತ್ರಿ ಸಮ ಇರುವ ದಿನ. ತಿಂಗಳುಗಳೂ ಸೂರ್ಯನ ಲೆಕ್ಕದವೇ. ಹೀಗಾಗಿ ಶರದ್ ಋತುವಿನ ಕೊನೆಯ ರಾತ್ರಿ ತಾನಾಗಿ ವರ್ಷದ ಉದ್ದ ರಾತ್ರಿಯ ಮೇಲೆ ಬಂದು ಕೂರುತ್ತದೆ. ಮನೆಯ ಹಿರಿಯರ ಸುತ್ತ ಎಲ್ಲರೂ ಸೇರಿ ತಡರಾತ್ರಿವರೆಗೆ ಎಚ್ಚರ ಇರುತ್ತಾರೆ. ದಾಳಿಂಬೆ, ಕಲ್ಲಂಗಡಿ, ಒಣಹಣ್ಣು ತಿನ್ನುತ್ತಾರೆ. 14ನೇ ಶತಮಾನದ ಕವಿ ಹಾಫಿಜ್‌ನ ಪುಸ್ತಕ ತೆರೆದು, ಬಂದ ಪದ್ಯದಲ್ಲಿ ಭವಿಷ್ಯ ನೋಡುತ್ತಾರೆ. 2022ರಲ್ಲಿ ಇರಾನ್ ಮತ್ತು ಅಫ್ಘಾನಿಸ್ತಾನ ಎರಡರ ಹೆಸರಿನಲ್ಲೂ ಯುನೆಸ್ಕೊ ಇದನ್ನು ತನ್ನ ಸಾಂಸ್ಕೃತಿಕ ಪರಂಪರೆಯ ಪಟ್ಟಿಗೆ ಸೇರಿಸಿತು.

ಚೀನಾದ ಕತೆ ಇನ್ನೂ ಸ್ವಾರಸ್ಯ. ಅಲ್ಲಿ ವರ್ಷವನ್ನು ಸೂರ್ಯನ ಹಾದಿಯ ಪ್ರಕಾರ 24 ಭಾಗ ಮಾಡಿದ್ದಾರೆ. ಅದರಲ್ಲಿ ಒಂದು ಡೋಂಗ್‌ಝೀ, ಅಂದರೆ ಈ ಅತಿ ಚಿಕ್ಕ ಹಗಲು. ಮಿಂಗ್ ಮತ್ತು ಚಿಂಗ್ ಚಕ್ರವರ್ತಿಗಳು ಆ ದಿನಕ್ಕೆ ಮೂರು ದಿನ ಮೊದಲೇ ವ್ರತ ಹಿಡಿದು, ಬೆಳಗಾಗುವ ಮುನ್ನ ಬೀಜಿಂಗಿನ ಸ್ವರ್ಗ ದೇಗುಲದ ದುಂಡನೆಯ ಬಯಲು ಪೀಠದ ಮೇಲೆ ಪೂಜೆ ಸಲ್ಲಿಸುತ್ತಿದ್ದರು. ಜನಸಾಮಾನ್ಯರಿಗೆ ಊಟವೇ ಹಬ್ಬ. ಉತ್ತರದಲ್ಲಿ ಕಡುಬಿನಂಥ ಜ್ಯಾವ್‌ಝ, ದಕ್ಷಿಣದಲ್ಲಿ ಪಾಕದಲ್ಲಿ ತೇಲುವ ಅಕ್ಕಿ ಉಂಡೆ. ಆ ದಿನದಿಂದ ಒಂಬತ್ತೊಂಬತ್ತು ದಿನದ ಒಂಬತ್ತು ಕಂತು ಎಣಿಸುತ್ತಾರೆ. 81 ಎಸಳಿನ ಹೂಗೊಂಚಲು ಬರೆದು ಗೋಡೆಗೆ ತೂಗಿ ದಿನಕ್ಕೊಂದು ಎಸಳಿಗೆ ಬಣ್ಣ ತುಂಬುವ ಪದ್ಧತಿ ಇತ್ತು. ಕೊನೆಯ ಎಸಳು ಕೆಂಪಾಗುವಾಗ ವಸಂತ ಬಂದಿರುತ್ತದೆ. ಇದನ್ನು ನಿಮ್ಮ ಮಕ್ಕಳು ಸುಲಭವಾಗಿ ಮಾಡಬಹುದು, ಡಿಸೆಂಬರ್ 21ಕ್ಕೆ ಶುರು ಮಾಡಿದರೆ ಪರೀಕ್ಷೆ ಹತ್ತಿರ ಬರುವಾಗ ಮುಗಿಯುತ್ತದೆ.

ಆದರೆ ನಾನು ಚೀನಾ ತೆಗೆದಿದ್ದು ಊಟಕ್ಕಲ್ಲ, ನೆರಳಿಗೆ. ಮಧ್ಯಾಹ್ನ ಕಂಬದ ನೆರಳು ಅತಿ ಉದ್ದ ಇರುವ ದಿನವೇ ಡೋಂಗ್‌ಝೀ. ಕಷ್ಟ ಏನು ಅಂದರೆ, ಆ ವಾರದಲ್ಲಿ ನೆರಳು ಬದಲಾಗುವುದೇ ಇಲ್ಲ. ಯಾವ ದಿನ ಅಂತ ಹೇಳುವುದು ಹೇಗೆ? 5ನೇ ಶತಮಾನದ ಗಣಿತಜ್ಞ ಝೂ ಚೋಂಗ್‌ಝೀ ಒಂದು ಉಪಾಯ ಮಾಡಿದ. ತಿರುವಿಗೆ 20ಕ್ಕೂ ಹೆಚ್ಚು ದಿನ ಮೊದಲು ನೆರಳು ಅಳೆದ. ತಿರುವು ಕಳೆದು ಅಷ್ಟೇ ಉದ್ದದ ನೆರಳು ಮತ್ತೆ ಬರುವ ದಿನ ಹಿಡಿದ. ಎರಡರ ನಡುವಿನ ದಿನವೇ ತಿರುವು. 13ನೇ ಶತಮಾನದಲ್ಲಿ ಗುವೋ ಶೌಜಿಂಗ್ ಇದೇ ದಾರಿಯಲ್ಲಿ ಹೆನಾನ್ ಪ್ರಾಂತ್ಯದ ಗಾವ್‌ಚೆಂಗಿನಲ್ಲಿ ಬೃಹತ್ ನೆರಳುಗಂಬ ನಿಲ್ಲಿಸಿ ಅಳೆದ. 365.2425 ದಿನದ ವರ್ಷ ಇಟ್ಟುಕೊಂಡು ಪಂಚಾಂಗ ಮಾಡಿದ. ಗ್ರೆಗೊರಿಯ ಕ್ಯಾಲೆಂಡರಿನದೂ ಅಷ್ಟೇ ಉದ್ದದ ವರ್ಷ, ಆದರೆ ಅದು ಬಂದದ್ದು 300 ವರ್ಷ ತಡವಾಗಿ. ಈ ಉಪಾಯ ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ಕೊರಿಯಾದವರು ಆ ದಿನ ಕೆಂಪು ಕಾಳಿನ ಗಂಜಿ ಮಾಡಿ, ಕೆಟ್ಟ ದೃಷ್ಟಿ ಹೋಗಲಿ ಅಂತ ಬಾಗಿಲಿಗೂ ಗೋಡೆಗೂ ಚಿಮುಕಿಸುತ್ತಿದ್ದರು. ಜಪಾನಿನವರು ಯೂಜು ಅನ್ನುವ ನಿಂಬೆ ಜಾತಿಯ ಹಣ್ಣು ತೇಲಿಬಿಟ್ಟ ಬಿಸಿನೀರಿನಲ್ಲಿ ಸ್ನಾನ ಮಾಡುತ್ತಾರೆ, ಸಿಹಿಗುಂಬಳ ತಿನ್ನುತ್ತಾರೆ. ಇನ್ನು ಭೂಮಧ್ಯರೇಖೆಯ ಆಚೆ ಚಳಿಗಾಲದ ತಿರುವು ಬರುವುದೇ ಜೂನ್‌ನಲ್ಲಿ. ಪೆರುವಿನ ಕುಸ್ಕೊ ನಗರದಲ್ಲಿ ಇಂಕಾ ಜನರ ಇಂಟಿ ರೈಮಿ ಆಗ ನಡೆಯುತ್ತಿತ್ತು. ಸ್ಪೇನಿನವರು 16ನೇ ಶತಮಾನದಲ್ಲಿ ನಿಲ್ಲಿಸಿದರು. 1944ರಲ್ಲಿ ಮತ್ತೆ ಶುರುವಾಯಿತು. ಈಗ ಅದು ಜೂನ್ 24ಕ್ಕೆ, ಅಂದರೆ ಕ್ರೈಸ್ತರ ಸಂತ ಯೋಹಾನನ ಹಬ್ಬದ ತಾರೀಕಿಗೆ. ತಿರುವು ಆಗಿ ಮೂರ್ನಾಲ್ಕು ದಿನ ಕಳೆದಿರುತ್ತದೆ. ಅಲ್ಲೂ ಅದೇ ಕತೆ. ಅಂದಹಾಗೆ ಅಂಟಾರ್ಕ್ಟಿಕಾದಲ್ಲಿ ಎಲ್ಲ ದೇಶಗಳ ತಂಡಗಳೂ ಜೂನ್ 21ಕ್ಕೆ ನಡುಚಳಿಗಾಲದ ಹಬ್ಬ ಮಾಡಿ ಒಂದಕ್ಕೊಂದು ಶುಭಾಶಯ ಕಳಿಸುತ್ತವೆ. ನಮ್ಮ ಮೈತ್ರಿ, ಭಾರತಿ ಕೇಂದ್ರಗಳದೂ ಅದರಲ್ಲಿ ಪಾಲಿದೆ.

ಈಗ ನಮ್ಮ ಮನೆಯ ಲೆಕ್ಕಕ್ಕೆ ಬರೋಣ. ಮಕರ ಸಂಕ್ರಾಂತಿ ಅಂದರೆ ಸೂರ್ಯ ನಕ್ಷತ್ರಗಳ ನಡುವೆ ಮಕರ ರಾಶಿಗೆ ಕಾಲಿಡುವ ಗಳಿಗೆ. ಉತ್ತರಾಯಣ ಅಂದರೆ ಅವನು ಉತ್ತರಕ್ಕೆ ತಿರುಗುವ ಗಳಿಗೆ. ಇವು ಎರಡು ಬೇರೆ ಬೇರೆ ಘಟನೆಗಳು. ಸುಮಾರು 3ರಿಂದ 6ನೇ ಶತಮಾನದ ಅವಧಿಯಲ್ಲಿ ಎರಡೂ ಹೆಚ್ಚು ಕಡಿಮೆ ಒಟ್ಟಿಗೇ ನಡೆಯುತ್ತಿದ್ದವು. ಆಗ ಬರೆದಿಟ್ಟದ್ದು ಹಾಗೇ ಉಳಿಯಿತು. ಆದರೆ ಭೂಮಿಯ ಅಕ್ಷವೇ ನಿಧಾನವಾಗಿ ಸುತ್ತುತ್ತದೆ. ಒಂದು ಸುತ್ತಿಗೆ ಸುಮಾರು 26 ಸಾವಿರ ವರ್ಷ. ಹಾಗಾಗಿ ನಕ್ಷತ್ರ ನೋಡಿ ಎಣಿಸುವ ವರ್ಷ ಋತುವಿನ ವರ್ಷಕ್ಕಿಂತ 20 ನಿಮಿಷ ಉದ್ದ. 72 ವರ್ಷಕ್ಕೆ ಸುಮಾರು ಒಂದು ದಿನ ಸರಿಯುತ್ತದೆ. ಸ್ವಾಮಿ ವಿವೇಕಾನಂದರು ಹುಟ್ಟಿದ್ದು 1863ರ ಜನವರಿ 12, ಮಕರ ಸಂಕ್ರಾಂತಿಯ ದಿನ. ಈಗ ಹಬ್ಬ ಜನವರಿ 14 ಅಥವಾ 15ಕ್ಕೆ. ಈ ಒಂದು ಉದಾಹರಣೆ ಸಾಕು, ಮಕ್ಕಳಿಗೆ ಥಟ್ಟನೆ ಅರ್ಥವಾಗುತ್ತದೆ.

ಪಂಚಾಂಗದವರಿಗೆ ಇದು ಗೊತ್ತಿಲ್ಲ ಅನ್ನುವುದು ತಪ್ಪು. ಪಂಚಾಂಗದ ಒಳಪುಟದಲ್ಲಿ ಅಯನಾಂಶ ಅಂತ ಒಂದು ಸಂಖ್ಯೆ ಇರುತ್ತದೆ, ನಕ್ಷತ್ರದ ಲೆಕ್ಕಕ್ಕೂ ಋತುವಿನ ಲೆಕ್ಕಕ್ಕೂ ಬಿದ್ದಿರುವ ಅಂತರ ಅದು. ಈಗ ಅದು 24 ಡಿಗ್ರಿಯ ಹತ್ತಿರ, ಸೂರ್ಯ ದಿನಕ್ಕೆ ಸುಮಾರು ಒಂದು ಡಿಗ್ರಿ ಸರಿಯುತ್ತಾನೆ. ಆ ಸಂದೇಶದಲ್ಲಿ ‘24 ದಿನದ ತಪ್ಪು’ ಅಂದಿರುವುದು ಇದನ್ನೇ. ಪಂಚಾಂಗದವರು ಅದನ್ನು ಎಣಿಸಿ, ಗೊತ್ತಿದ್ದೇ ಪಕ್ಕಕ್ಕಿಡುತ್ತಾರೆ. ನಮ್ಮ ಹಳೆಯ ಪಂಚಾಂಗ ಗ್ರಂಥವಾದ ವೇದಾಂಗ ಜ್ಯೋತಿಷದ ಕಾಲದಲ್ಲಿ ಉತ್ತರಾಯಣ ಧನಿಷ್ಠಾ ನಕ್ಷತ್ರದ ಮೊದಲಿಗೆ ಶುರುವಾಗುತ್ತಿತ್ತು. 6ನೇ ಶತಮಾನದ ವರಾಹಮಿಹಿರ ಬೃಹತ್ಸಂಹಿತೆಯಲ್ಲಿ ಇದನ್ನು ಎತ್ತಿಕೊಳ್ಳುತ್ತಾನೆ. ಹಿಂದಿನ ಶಾಸ್ತ್ರದಲ್ಲಿ ಹಾಗಿದೆ, ಆಗ ಹಾಗೇ ಇದ್ದಿರಬೇಕು, ಈಗ ಮಕರದ ಮೊದಲಿಗೆ ಆಗುತ್ತಿದೆ, ಅನುಮಾನ ಬಂದರೆ ಸೂರ್ಯ ಹುಟ್ಟುವ ಮುಳುಗುವ ಜಾಗವನ್ನೋ ನೆರಳನ್ನೋ ಗುರುತು ಮಾಡಿ ಪ್ರತ್ಯಕ್ಷ ನೋಡಿಕೊಳ್ಳಿ ಅನ್ನುತ್ತಾನೆ. ಆ ತಂದೆಯ ಜೊತೆ ಮಾತಾಡುವಾಗ ವಾಟ್ಸಾಪ್ ಪಕ್ಕಕ್ಕಿಟ್ಟು ವರಾಹಮಿಹಿರನಿಂದ ಶುರು ಮಾಡಿ. ಹಿಂದಿನವರನ್ನು ಹಳಿಯದೆ, ಆಕಾಶ ನೋಡುವುದನ್ನೂ ಬಿಡದೆ ಹೇಗೆ ಮಾತಾಡಬಹುದು ಅಂತ ಅವನು ತೋರಿಸಿಕೊಟ್ಟಿದ್ದಾನೆ.

ಸರ್ಕಾರವೂ ಒಮ್ಮೆ ಕೈ ಹಾಕಿತ್ತು. ಭೌತ ವಿಜ್ಞಾನಿ ಮೇಘನಾದ ಸಹಾ ಅವರ ಅಧ್ಯಕ್ಷತೆಯ ಪಂಚಾಂಗ ಸುಧಾರಣಾ ಸಮಿತಿ 1955ರಲ್ಲಿ ವರದಿ ಕೊಟ್ಟಿತು. 1957ರ ಮಾರ್ಚ್ 22ರಿಂದ ಬಂದ ರಾಷ್ಟ್ರೀಯ ಪಂಚಾಂಗದಲ್ಲಿ ಪುಷ್ಯ ಮಾಸದ ಮೊದಲ ದಿನ ಡಿಸೆಂಬರ್ 22. ಅಂದರೆ ನಿಜವಾದ ಉತ್ತರಾಯಣಕ್ಕೆ ಹೊಂದಿಸಿದ್ದಾರೆ. ಅದು ಗೆಜೆಟ್ಟಿನಲ್ಲಿ ಉಳಿಯಿತು. ಅಡುಗೆಮನೆಗೆ ಬರಲಿಲ್ಲ. ನನ್ನ ಅಭಿಪ್ರಾಯ ಕೇಳಿದರೆ, ಬರಬೇಕಾದ ಅಗತ್ಯವೂ ಇರಲಿಲ್ಲ. ನಮ್ಮ ಸಂಕ್ರಾಂತಿ ಕತ್ತಲೆಯ ಭಯದಿಂದ ಹುಟ್ಟಿದ್ದಲ್ಲ. ಅದು ಸುಗ್ಗಿ. ಹೊಸ ಬೆಳೆ ಮನೆಗೆ ಬಂದಿದೆ, ಕಬ್ಬು, ಅವರೆ, ಎಳ್ಳು ಇದೆ. ಮಂಡ್ಯ, ಮೈಸೂರಿನ ಕಡೆ ದನಗಳಿಗೆ ಮೈ ತೊಳೆದು, ಕೊಂಬಿಗೆ ಬಣ್ಣ ಹಚ್ಚಿ ಸಂಜೆ ಕಿಚ್ಚು ಹಾಯಿಸುತ್ತಾರೆ. ಡಿಸೆಂಬರ್ 22ಕ್ಕೆ ಇದನ್ನೆಲ್ಲ ಎಳೆದು ತಂದರೆ ಎಷ್ಟೋ ಕಡೆ ಒಕ್ಕಣೆಯೇ ಮುಗಿದಿರುವುದಿಲ್ಲ.

ಇನ್ನು ನಿಮ್ಮ ಮುಂದಿರುವ ದಾರಿಗಳು. ಡಿಸೆಂಬರ್ 21ಕ್ಕೇ ಪ್ರದರ್ಶನ ಮಾಡಬಹುದು. ಹೆಡ್‌ಮಾಸ್ಟರಿಗೆ ಖುಷಿ, ಆಕಾಶಕ್ಕೂ ಸರಿ. ಅಪಾಯ ಏನೆಂದರೆ ‘ಎಲ್ಲರೂ ಇವತ್ತೇ ಮಾಡುತ್ತಿದ್ದರು’ ಅನ್ನುವ ಸುಳ್ಳು ಸದ್ದಿಲ್ಲದೆ ಗಟ್ಟಿಯಾಗುತ್ತದೆ, ಸಂಕ್ರಾಂತಿ ಹೊರಗುಳಿದ ಹಾಗೆ ಕಾಣುತ್ತದೆ. ಸಂಕ್ರಾಂತಿಗೆ ಮುಂದೂಡಬಹುದು. ಆಗ ಊರಿನವರೆಲ್ಲ ಬರುತ್ತಾರೆ. ಆದರೆ ಮಕ್ಕಳು ಅವತ್ತೇ ಅತಿ ಚಿಕ್ಕ ಹಗಲು ಅಂತ ತಪ್ಪು ತಿಳಿದುಕೊಳ್ಳುತ್ತಾರೆ. ನಾನಾದರೆ ಮೂರನೆಯದನ್ನು ಆರಿಸುತ್ತೇನೆ. ಝೂ ಚೋಂಗ್‌ಝೀ ಮಾಡಿದ ಹಾಗೆ ನವೆಂಬರ್ ಕೊನೆಯಿಂದ ಸಂಕ್ರಾಂತಿವರೆಗೆ ನೆರಳು ಅಳೆಸಿ, ಪ್ರದರ್ಶನವನ್ನು ಸಂಕ್ರಾಂತಿ ರಜೆ ಮುಗಿದ ಮೇಲೆ ಇಟ್ಟುಕೊಳ್ಳಿ. ಡಿಸೆಂಬರ್ 21ಕ್ಕೆ ಬರೀ ಎಸಳಿನ ಚಿತ್ರ ಬಿಡುಗಡೆ ಮಾಡಿಸಿ ಹೆಡ್‌ಮಾಸ್ಟರನ್ನು ಒಪ್ಪಿಸಿ.

ಇದಕ್ಕೊಂದು ಊರಿನ ಸಾಕ್ಷಿಯೂ ಇದೆ. ಬೆಂಗಳೂರಿನ ಗವಿ ಗಂಗಾಧರೇಶ್ವರ ಗುಡಿಯಲ್ಲಿ ಸಂಕ್ರಾಂತಿ ಸಂಜೆ ಸೂರ್ಯನ ಬೆಳಕು ನಂದಿಯ ಕೊಂಬಿನ ನಡುವೆ ಹಾದು ಲಿಂಗದ ಮೇಲೆ ಬೀಳುವುದನ್ನು ಎಲ್ಲರೂ ಟೀವಿಯಲ್ಲಿ ನೋಡುತ್ತಾರೆ. ನವೆಂಬರ್ ಕೊನೆಗೂ ಅಲ್ಲಿ ಹಾಗೇ ಬೆಳಕು ಬೀಳುತ್ತದೆ, ಅದನ್ನು ನೋಡುವವರು ಕಡಿಮೆ. ಸೂರ್ಯ ದಕ್ಷಿಣಕ್ಕೆ ಹೋಗುವಾಗ ಒಮ್ಮೆ, ತಿರುಗಿ ಬರುವಾಗ ಒಮ್ಮೆ ಅದೇ ಜಾಗ ದಾಟುತ್ತಾನೆ. ಎರಡು ದಿನಗಳ ನಡುವಿನ ದಿನ ಡಿಸೆಂಬರ್ 21ರ ಹತ್ತಿರವೇ ಬರುತ್ತದೆ. ನಿಮ್ಮ ಮಕ್ಕಳ ಕೋಲೂ ಇದನ್ನೇ ಹೇಳುತ್ತದೆ. ಹಾಸನದಲ್ಲಿ 1 ಮೀಟರ್ ಕೋಲಿನ ಮಧ್ಯಾಹ್ನದ ನೆರಳು ನವೆಂಬರ್ 28ರ ಹೊತ್ತಿಗೆ ಸುಮಾರು 68 ಸೆಂಟಿಮೀಟರ್, ಡಿಸೆಂಬರ್ 21ಕ್ಕೆ 74ರ ಹತ್ತಿರ, ಸಂಕ್ರಾಂತಿಗೆ ಮತ್ತೆ 68. ತಿರುವಿನ ವಾರದಲ್ಲಿ ದಿನದಿಂದ ದಿನಕ್ಕೆ ಒಂದು ಮಿಲಿಮೀಟರೂ ಬದಲಾಗುವುದಿಲ್ಲ. ಸಂಕ್ರಾಂತಿ ಹೊತ್ತಿಗೆ ದಿನಕ್ಕೆ ನಾಲ್ಕೈದು ಮಿಲಿಮೀಟರ್ ಕಡಿಮೆಯಾಗುತ್ತದೆ, ಮಕ್ಕಳ ಕಣ್ಣಿಗೇ ಕಾಣುತ್ತದೆ. ಅಜ್ಜಿಯ ಹಬ್ಬ ಈ ಲೆಕ್ಕದಲ್ಲಿ ಒಂದು ಅಳತೆಯ ದಿನವಾಗಿ ಸೇರಿಕೊಳ್ಳುತ್ತದೆ.

ಇದರಲ್ಲೂ ತೊಂದರೆ ಇಲ್ಲದಿಲ್ಲ. ನವೆಂಬರ್ ಕೊನೆಗೆ ಬಂಗಾಳ ಕೊಲ್ಲಿಯ ಮೋಡ ಬಂದು ಕೆಡಿಸಬಹುದು. ಅದಕ್ಕೆ ನವೆಂಬರ್ 20ರಿಂದಲೇ ಶುರು ಮಾಡಿ, ಸಿಕ್ಕಷ್ಟು ದಿನ ಅಳೆಯಿರಿ. ಸಂಕ್ರಾಂತಿ ರಜೆಯಲ್ಲಿ ಶಾಲೆಯ ಹತ್ತಿರದ ಮನೆಯ ಇಬ್ಬರು ಮಕ್ಕಳಿಗೆ ಜವಾಬ್ದಾರಿ ಕೊಡಿ. ಕೋಲು ನೆಟ್ಟಗಿರಬೇಕು, ಗಾರೆ ಕೆಲಸದವರ ಹತ್ತಿರ ತೂಗುಗುಂಡು ಕೇಳಿ ತಗೊಳ್ಳಿ. ಗಡಿಯಾರದ 12 ಗಂಟೆಗೆ ಅಳೆಯಬೇಡಿ. 12.10ರಿಂದ 12.45ರವರೆಗೆ ಐದೈದು ನಿಮಿಷಕ್ಕೆ ಗುರುತು ಹಾಕಿ, ಅದರಲ್ಲಿ ಅತಿ ಗಿಡ್ಡ ನೆರಳನ್ನು ಬರೆದುಕೊಳ್ಳಿ. ಜಾಗ ಈಗಲೇ ನೋಡಿಡಿ. ದಕ್ಷಿಣಕ್ಕೆ ಮರ, ಕಟ್ಟಡ ಅಡ್ಡ ಇರಬಾರದು. ನೆರಳು ಉತ್ತರಕ್ಕೆ ಬೀಳುತ್ತದೆ, ಅತ್ತ ಒಂದು ಮೀಟರಿನಷ್ಟು ಸಮತಟ್ಟಾದ ಸಿಮೆಂಟ್ ನೆಲ ಇದ್ದರೆ ಸಾಕು.